ಖಾನೆ ತುಂಬುವುದೋ, ಪುಟ ಕಟ್ಟುವುದೋ?

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ನಿಗದಿತ ನಮೂನೆಗಳ ಉಪಯೋಗವೂ ಗೊತ್ತು, ಮಿತಿಯೂ ಗೊತ್ತು. ಸಾವಿರಾರು ಅರ್ಜಿಗಳನ್ನು ಒಂದೇ ಅಳತೆಗೋಲಿನಿಂದ ಪರಿಶೀಲಿಸಲು ನಮೂನೆ ಅನಿವಾರ್ಯ. ಆದರೆ ಅರ್ಜಿದಾರ ಹೇಳಬೇಕೆಂದಿದ್ದ ಮುಖ್ಯ ಸಂಗತಿ ಅನೇಕ ವೇಳೆ ಯಾವ ಖಾನೆಯಲ್ಲೂ ಹಿಡಿಸದೆ, ಕೊನೆಯ ‘ಷರಾ’ ಅಂಕಣದಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತಿತ್ತು.

ಸಾಮಾಜಿಕ ಜಾಲತಾಣಗಳ ಚರಿತ್ರೆಯಲ್ಲೂ ಅಂಥದೊಂದು ಷರಾ ಅಂಕಣವಿತ್ತು. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೈಸ್ಪೇಸ್ ತಾಣದ ‘ನನ್ನ ಬಗ್ಗೆ’ ಎಂಬ ಚೌಕದಲ್ಲಿ ಪರಿಚಯದ ಮಾತುಗಳ ಜೊತೆಗೆ ಎಚ್‌ಟಿಎಂಎಲ್, ಸಿಎಸ್‌ಎಸ್ ಸಂಕೇತಗಳನ್ನೂ ಬರೆಯಬಹುದಾಗಿತ್ತು. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಚಿತ್ರ ಎಂಬುದನ್ನು ಎಚ್‌ಟಿಎಂಎಲ್ ತಿಳಿಸುತ್ತದೆ. ಅವುಗಳ ಬಣ್ಣ, ಗಾತ್ರ, ಅಂಚುಗಳನ್ನು ಸಿಎಸ್‌ಎಸ್ ನಿರ್ಧರಿಸುತ್ತದೆ. ತಾಣ ಕಟ್ಟಿದವರು ಇದನ್ನು ಯೋಜಿಸಿರಲಿಲ್ಲ. ಸಂಕೇತಗಳನ್ನು ತಡೆಯದೆ ಬಿಟ್ಟಿದ್ದರು. ಅದು ಬಳಕೆದಾರರಿಗೆ ಪ್ರಿಯವಾದದ್ದನ್ನು ಕಂಡು ಹಾಗೆಯೇ ಉಳಿಸಿದರು.

ಆ ದಿನಗಳಲ್ಲಿ ಅಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದ ನನ್ನ ಅಣ್ಣನ ಮಗ ರಜೆಗೆ ಬಂದಾಗ ತನ್ನ ಪುಟವನ್ನು ತೋರಿಸಿದ್ದ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಕಣ್ಣಿಗೆ ಹಿತವಾಗಿರಲಿಲ್ಲ. ‘ಒಂದು ಆವರಣ ಚಿಹ್ನೆ ಮುಚ್ಚುವುದನ್ನು ಮರೆತಿದ್ದೆ ಚಿಕ್ಕಪ್ಪ, ಪುಟವೆಲ್ಲ ಕೆಟ್ಟುಹೋಯಿತು, ತಪ್ಪು ಹುಡುಕುವಷ್ಟರಲ್ಲಿ ಬೆಳಗಾಯಿತು’ ಎಂದ. ಅವನ ಅಭಿರುಚಿಯನ್ನು ನಾನು ಮೆಚ್ಚಲಿಲ್ಲ. ಯಾರೂ ಹೇಳಿಕೊಡದೆ ಅವನು ಕಲಿತ ಶಿಸ್ತನ್ನು ಮಾತ್ರ ಮೆಚ್ಚದಿರಲಾಗಲಿಲ್ಲ.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. 2005ರ ಅಕ್ಟೋಬರ್‌ನಲ್ಲಿ 19 ವರ್ಷದ ಯುವಕನೊಬ್ಬ ಸಿಎಸ್‌ಎಸ್ ಸಾಲಿನ ಮರೆಯಲ್ಲಿ ಜಾವಾಸ್ಕ್ರಿಪ್ಟ್ ಆದೇಶವನ್ನು ಅಡಗಿಸಿದ. ‘ಸ್ಯಾಮಿ’ ಎಂದು ಹೆಸರಾದ ಆ ಕುತಂತ್ರಾಂಶ, ನೋಡಿದವರ ಪುಟಕ್ಕೂ ತಾನಾಗಿ ನಕಲಾಗುತ್ತ 20 ಗಂಟೆಗಳೊಳಗೆ 10 ಲಕ್ಷಕ್ಕೂ ಹೆಚ್ಚು ಪುಟಗಳಿಗೆ ಹಬ್ಬಿತು. ತಾಣವನ್ನೇ ಕೆಲಕಾಲ ಸ್ಥಗಿತಗೊಳಿಸಬೇಕಾಯಿತು.

2004ರಲ್ಲಿ ಬಂದ ಫೇಸ್‌ಬುಕ್ ಎಲ್ಲರಿಗೂ ಒಂದೇ ಅಚ್ಚಿನ ಪುಟ ಕೊಟ್ಟಿತು. ಅದು ಓದಲು ಸುಲಭ, ಸುರಕ್ಷಿತ. ಜಾಹೀರಾತಿನ ಜಾಗ ನಿಶ್ಚಿತವಾಗಿರುವುದರಿಂದ ಒಡೆಯರಿಗೂ ಲಾಭಕರ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಲೆಕ್ಕಕ್ಕೆ ಸಿಗದ ಒಂದು ನಷ್ಟ ಕಾಣುತ್ತದೆ. ತನ್ನ ಪುಟವನ್ನು ಅಷ್ಟಿಷ್ಟಾದರೂ ತಾನೇ ಉತ್ಪಾದಿಸುತ್ತಿದ್ದವನು ಖಾನೆ ತುಂಬುವ ಗ್ರಾಹಕನಾದ. ಇಂದಿನ ಮಕ್ಕಳು ದಿನವಿಡೀ ಪರದೆಯ ಮೇಲೆ ಬೆರಳಾಡಿಸುತ್ತಾರೆ. ಅದರ ಹಿಂದಿನ ಸರಳ ವ್ಯಾಕರಣವನ್ನು ಕಂಡವರು ವಿರಳ.

ಮೈಸ್ಪೇಸ್ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಗೆ ಎಷ್ಟು ಬಣ್ಣ ಬಳಿದರೂ ಅದು ಬಾಡಿಗೆ ಮನೆಯೇ. ಮೂರು ವರ್ಷಕ್ಕಿಂತ ಹಳೆಯ ಚಿತ್ರ, ಹಾಡುಗಳು ಇನ್ನು ಸಿಗಲಾರವೆಂದು ಅದೇ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು. ನನ್ನ ಸಲಹೆ ಚಿಕ್ಕದು. ಎಚ್‌ಟಿಎಂಎಲ್ ಪುಟವೆಂಬುದು ಒಂದು ಸಾದಾ ಪಠ್ಯ ಕಡತ. ಅದನ್ನು ಬರೆಯಲು ನೋಟ್‌ಪ್ಯಾಡ್ ಸಾಕು. ನೋಡಲು ಬ್ರೌಸರ್ ಸಾಕು, ಅಂತರ್ಜಾಲ ಸಂಪರ್ಕವೂ ಬೇಡ. ಯೂನಿಕೋಡ್ ಇರುವುದರಿಂದ ಕನ್ನಡದಲ್ಲೇ ಬರೆಯಬಹುದು. ಜಾವಾಸ್ಕ್ರಿಪ್ಟ್‌ನ ಗೊಡವೆಗೆ ಹೋಗದಿದ್ದರೆ ಸ್ಯಾಮಿಯಂಥ ಅಪಾಯವೂ ಇಲ್ಲ. ನಮ್ಮ ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಪ್ರತಿಯೊಂದು ಮಗುವೂ ವರ್ಷಕ್ಕೊಮ್ಮೆ ತನ್ನ ಊರು, ತನ್ನ ಮನೆ, ತನ್ನ ಆಸಕ್ತಿಗಳ ಬಗ್ಗೆ ಇಂಥದೊಂದು ಪುಟ ಕಟ್ಟಲಿ. ಖರ್ಚು ಅತ್ಯಲ್ಪ, ಬೇಕಾದದ್ದು ಶಿಕ್ಷಕರ ನಾಲ್ಕಾರು ಅವಧಿಗಳು.

ಬಣ್ಣಗಳು ಹೊಂದದಿರಬಹುದು, ಪುಟ ಓರೆಯಾಗಬಹುದು. ಆದರೂ ಆಗಲಿ. ಬದುಕಿನುದ್ದಕ್ಕೂ ಇತರರು ರೂಪಿಸಿದ ನಮೂನೆಗಳನ್ನು ತುಂಬಲಿರುವ ಮಕ್ಕಳಿಗೆ, ನಮೂನೆಯನ್ನೂ ಯಾರೋ ಒಬ್ಬರು ಬರೆದಿರುತ್ತಾರೆ, ತಾವೂ ಬರೆಯಬಹುದು ಎಂಬ ತಿಳಿವಳಿಕೆ ಒಮ್ಮೆಯಾದರೂ ಸಿಗಬೇಕು.