ಬೀರುವಿನ ಬೀಗ ತೆಗೆಯಿರಿ, ಗೋಲಿ ಉರುಳಲಿ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿಗೆ ಡ್ರೈವರು ಒಮ್ಮೆಲೇ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. "ಗಟ್ಟಿ ಹಿಡ್ಕೊಂಡು ನಿಂದ್ರಿ" ಎಂದು ಕಂಡಕ್ಟರು ಕೂಗುತ್ತಾನೆ. ಅದೇ ಬಸ್ಸಿನಲ್ಲಿರುವ ಒಂಬತ್ತನೇ ತರಗತಿಯ ಹುಡುಗನಿಗೆ ನ್ಯೂಟನ್ನನ ಮೊದಲನೇ ನಿಯಮ ಬಾಯಿಪಾಠ. ಆದರೆ ತಾನು ವಾಲಿದ್ದೂ ಅದೇ ನಿಯಮದಂತೆ ಎಂದು ಅವನಿಗೆ ಹೊಳೆಯುವುದಿಲ್ಲ. ತಪ್ಪು ಹುಡುಗನದಲ್ಲ, ಕಲಿಸುವ ರೀತಿಯದು.

ಕೇಳಿದರೆ "ಸಲಕರಣೆ ಎಲ್ಲೈತ್ರೀ?" ಎಂಬ ಉತ್ತರ ಸಿದ್ಧ. ಇದ್ದ ಕಡೆ, ಒಡೆದರೆ ಯಾರು ಕಟ್ಟಿಕೊಡಬೇಕೆಂಬ ಭಯಕ್ಕೆ ಅದು ಬೀರು ಸೇರಿರುತ್ತದೆ.

ಗೆಲಿಲಿಯೋ ಬಳಿ ಇದ್ದುದಾದರೂ ಏನು? ಇಳಿಜಾರಾಗಿಟ್ಟ ಹಲಗೆ, ಅದರ ಕಾಲುವೆಯಲ್ಲಿ ಉರುಳುವ ಕಂಚಿನ ಗುಂಡು. ಗಡಿಯಾರವಿಲ್ಲದ್ದಕ್ಕೆ ಪಾತ್ರೆಯಿಂದ ಸುರಿದ ನೀರನ್ನು ತಕ್ಕಡಿಯಲ್ಲಿ ತೂಗಿ ಕಾಲ ಅಳೆದ. 1638ರ ತನ್ನ ಪುಸ್ತಕದಲ್ಲಿ ಅದನ್ನು ಬರೆದಿಟ್ಟ. ಕೌಲ್ ಬಜಾರಿನ ಕಿರಾಣಿ ಅಂಗಡಿಯ ತಕ್ಕಡಿ, ತೂತಿನ ಡಬ್ಬಿ, ಒಂದು ಗೋಲಿ ಇದ್ದರೆ ನಮ್ಮ ಮಕ್ಕಳೂ ಅದನ್ನು ಮಾಡಬಹುದು. ಗೋಲಿ ಒಂದು ಅಡಿ ಉರುಳುವಷ್ಟರಲ್ಲಿ ಬಿದ್ದ ನೀರಿನ ಎರಡರಷ್ಟು ಬೀಳುವಾಗ ಅದು ನಾಲ್ಕು ಅಡಿ ದಾಟಿರುತ್ತದೆ. ಹೀಗೆ ಸ್ವತಃ ತೂಗಿ ನೋಡಿದ ಮಗು ಸೂತ್ರ ಮರೆಯದು.

ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಕೈಹಾಕಿದವರನ್ನು ಕೇಳಿ: ನಿಂತ ತೇರನ್ನು ಕದಲಿಸುವುದೇ ಕಷ್ಟ, ಗಾಲಿ ತಿರುಗಿದ ಮೇಲೆ ಅಷ್ಟು ಶ್ರಮವಿಲ್ಲ. ಒಂದು ಇಟ್ಟಿಗೆಗೆ ಹಗ್ಗ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದರೆ ಕದಲುವಾಗಿನ ಬಲ, ಸರಿಯುವಾಗಿನ ಬಲ ಎರಡೂ ಕಣ್ಣಿಗೆ ಕಾಣುತ್ತವೆ. ಅಡಿಗೆ ನಾಲ್ಕು ಪೆನ್ಸಿಲ್ ಇಟ್ಟರೆ ಮುಳ್ಳು ಇನ್ನೂ ಕೆಳಗಿಳಿಯುತ್ತದೆ. ಘರ್ಷಣೆಯ ಪಾಠಕ್ಕೆ ಇನ್ನೇನು ಬೇಕು?

ಇದು ಬರೀ ಕನಸಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಇಂಥ ಕಲಿಕೆ ಆರಂಭವಾಯಿತು. ಮಕ್ಕಳೇ ಪ್ರಯೋಗ ಮಾಡಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವಿತ್ತು, ಪ್ರಯೋಗಕ್ಕೂ ಅಂಕವಿತ್ತು. ಮುಂದೆ ಜಿಲ್ಲೆಯ ಶಾಲೆಗಳಿಗೆಲ್ಲ ಹಬ್ಬಿ ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು. ಬಡ ಜಿಲ್ಲೆಯ ಶಾಲೆಗಳಿಗೂ ಇದು ಸಾಧ್ಯವೆಂಬುದು ಮಾತ್ರ ಸಾಬೀತಾಗಿತ್ತು.

ಮೇಷ್ಟ್ರುಗಳನ್ನೇ ದೂರುವುದು ನ್ಯಾಯವಲ್ಲ. ಪೋರ್ಷನ್ ಮುಗಿಸಬೇಕು, ರಿಜಲ್ಟ್ ತೋರಿಸಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಾದರೂ ಮಗು ತಾನೇ ಅಳೆದು ತೂಗಿದ್ದಕ್ಕೆ ಬೆಲೆ ಸಿಗಲಿ, ಪಕ್ಕದವನದು ನೋಡಿ ಬರೆದ ರೆಕಾರ್ಡಿಗಲ್ಲ.

ವಾರಕ್ಕೊಂದು ಪೀರಿಯಡ್ ಇದಕ್ಕೆಂದೇ ಬಿಡಲು ಶಿಕ್ಷಣ ಇಲಾಖೆ ಮನಸ್ಸು ಮಾಡಬೇಕು. ಬಡಗಿ ಒಂದು ತುಂಡು ಹಲಗೆ ಕೊಟ್ಟಾನು, ಅಂಗಡಿಯವರು ರಜೆಯ ದಿನ ತಕ್ಕಡಿ ಕೊಟ್ಟಾರು. ಪಾಲಕರೂ ಸುಮ್ಮನೆ ಕೂರಬಾರದು. ಮುಂದಿನ ಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಕೇಳಲಿ: ಬೀರುವಿನ ಬೀಗದ ಕೈ ಯಾರ ಹತ್ರ ಐತ್ರೀ?