ಸತ್ತ ತಂತಿ

ಮಕ್ಕಳಿಗೆ ಬೇಸಿಗೆಯ ರಜೆ ಬಂತೆಂದರೆ ತಂದೆಯಾದವನ ಬರೆಯುವ ಮೇಜಿಗೆ ಗ್ರಹಣ ಹಿಡಿಯಿತೆಂದೇ ತಿಳಿಯಬೇಕು. ನನ್ನ ಮೇಜನ್ನೂ ಅದರ ಮೇಲಿನ ಕಂಪ್ಯೂಟರನ್ನೂ ಹನ್ನೊಂದು ವರ್ಷದ ನನ್ನ ಚಿರಂಜೀವಿ ಆಕ್ರಮಿಸಿಕೊಂಡು ಮೂರು ವಾರಗಳಾದುವು. ಮೌಲ್ಯಮಾಪನಕ್ಕೆಂದು ತಂದ ಉತ್ತರಪತ್ರಿಕೆಗಳ ಕಟ್ಟನ್ನು ಊಟದ ಮನೆಯಲ್ಲಿ ಬಿಚ್ಚಿಕೊಂಡು, ಬಿ.ಎ. ತರಗತಿಯವರು ಪಂಪನಿಗೂ ರನ್ನನಿಗೂ ಮಾಡಿರುವ ಅನ್ಯಾಯಗಳನ್ನು ನಾನು ಎಣಿಸುತ್ತಿರುವಾಗ, ಆತ ಪಕ್ಕದ ಕೋಣೆಯಲ್ಲಿ ಕುಳಿತು ಅಮೆರಿಕದ ಫಿಲಡೆಲ್ಫಿಯದಿಂದ ವಾಷಿಂಗ್ಟನ್ನಿಗೆ ರೈಲು ನಡೆಸುತ್ತಿರುತ್ತಾನೆ.

ಈ ಆಟದ ಪೂರ್ವಕಥೆಯನ್ನು ಓದುಗರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ಸಂಸ್ಥೆಯವರು 2001ರಲ್ಲಿ ‘ಟ್ರೈನ್ ಸಿಮ್ಯುಲೇಟರ್’ ಎಂಬುದನ್ನು ಹೊರತಂದರು. ಇದರಲ್ಲಿ ಶತ್ರುಗಳಿಲ್ಲ, ಬಂದೂಕಿಲ್ಲ. ಸಿಗ್ನಲ್ ನೋಡಿ, ವೇಗ ನೋಡಿ, ವೇಳೆಗೆ ಸರಿಯಾಗಿ ನಿಲ್ದಾಣದಲ್ಲಿ ನಿಲ್ಲಿಸಿದರೆ ಅದೇ ಗೆಲುವು. ಆ ಮೇಲೆ ಉತ್ಸಾಹಿಗಳೇ ಕೂಡಿ ‘ಓಪನ್ ರೈಲ್ಸ್’ ಎಂಬ ಉಚಿತ ಆಟವನ್ನು ಕಟ್ಟಿ, ಹಳೆಯ ಆಟದ ಮಾರ್ಗಗಳೂ ಎಂಜಿನ್ನುಗಳೂ ಅದರಲ್ಲಿ ಓಡುವಂತೆ ಮಾಡಿದರು. ಭಾರತದ ಹವ್ಯಾಸಿಗಳು ನಮ್ಮ ಎಂಜಿನ್ನುಗಳನ್ನೂ ರಚಿಸಿ ಸೇರಿಸಿದ್ದಾರೆ.

ಮೇ ತಿಂಗಳ ಮೊದಲಲ್ಲಿ ನಮ್ಮ ಮಾವನವರು ಬಂದರು. ರೈಲ್ವೆಯಲ್ಲಿ ಎಂಜಿನ್ ಡ್ರೈವರಾಗಿದ್ದು ನಿವೃತ್ತರಾದವರು. (ಯಾವ ವಿಭಾಗವೆಂದು ಕೇಳಬೇಡಿ, ಹೊರರಾಜ್ಯದಲ್ಲಿದ್ದರೆಂದರೆ ಸಾಕು.) ಮಾತು ಬಲು ಕಡಿಮೆ. ಮೊದಲ ದಿನ ಮೊಮ್ಮಗನ ಹಿಂದೆ ಕುರ್ಚಿ ಹಾಕಿಸಿಕೊಂಡು ಅರ್ಧ ಗಂಟೆ ಸುಮ್ಮನೆ ನೋಡಿದರು. ಆ ಮೇಲೆ ಕೇಳಿದರು:

“ಯಾವ ಕರೆಂಟೋ ಇದು?”

“ಕರೆಂಟು ಕರೆಂಟೇ ಅಲ್ವೇ ತಾತ? ಮೇಲೆ ತಂತಿ ಇದೆ, ಓಡುತ್ತೆ.”

ಮಾವನವರ ಮುಖ ಕೆಂಪಾಯಿತು. ನನಗೆ, ಚತುರ್ಥಿಯೂ ಷಷ್ಠಿಯೂ ಒಂದೇ ಅಲ್ಲವೇ ಎಂದು ತರಗತಿಯಲ್ಲಿ ಎದ್ದು ನಿಂತು ಕೇಳಿದ ವಿದ್ಯಾರ್ಥಿಯೊಬ್ಬನ ನೆನಪಾಯಿತು.

ಅವರ ಕೋಪದಲ್ಲಿ ನ್ಯಾಯವಿದೆಯೆಂಬುದು ನಾನು ಓದಿ ನೋಡಿದ ಮೇಲೆ ತಿಳಿಯಿತು. 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ನಮ್ಮ ದೇಶದ ಮೊದಲ ವಿದ್ಯುತ್ ರೈಲು ಹೊರಟಾಗ ತಂತಿಯಲ್ಲಿದ್ದುದು 1,500 ವೋಲ್ಟಿನ ಏಕಮುಖ ಪ್ರವಾಹ, ಅಂದರೆ ಡಿ.ಸಿ. ವೋಲ್ಟು ಕಡಿಮೆಯಾದರೆ ಅದೇ ಶಕ್ತಿಗೆ ಹೆಚ್ಚು ಪ್ರವಾಹ ಹರಿಯಬೇಕು. ಆದ್ದರಿಂದ ತಂತಿ ದಪ್ಪ, ವಿದ್ಯುತ್ತನ್ನು ಒದಗಿಸುವ ಉಪಕೇಂದ್ರಗಳು ಹತ್ತಿರ ಹತ್ತಿರ. 1950ರ ದಶಕದ ಕೊನೆಯಲ್ಲಿ ಭಾರತವು ಫ್ರೆಂಚರ ಮಾರ್ಗದರ್ಶನದಲ್ಲಿ 25,000 ವೋಲ್ಟಿನ ಎ.ಸಿ.ಯನ್ನು ಒಪ್ಪಿಕೊಂಡಿತು. ಮುಂಬಯಿಯ ಹಳೆಯ ಡಿ.ಸಿ. ಮಾತ್ರ ಹಟ ಹಿಡಿದು ನಿಂತು, 2016ರಲ್ಲಿ ಪೂರ್ತಿಯಾಗಿ ಮರೆಯಾಯಿತು. ಜರ್ಮನಿ, ಆಸ್ಟ್ರಿಯ, ಸ್ವಿಟ್ಸರ್ಲೆಂಡುಗಳದು ಬೇರೆಯೇ ದಾರಿ: 15,000 ವೋಲ್ಟು, ಸೆಕೆಂಡಿಗೆ 50 ಆವರ್ತನೆಗಳಿಗೆ ಬದಲು ಅದರ ಮೂರರಲ್ಲೊಂದು ಪಾಲು. ನೂರು ವರ್ಷದ ಹಿಂದಿನ ಮೋಟಾರುಗಳು 50ರ ಆವರ್ತನಕ್ಕೆ ಕಿಡಿ ಕಾರುತ್ತಿದ್ದುದರಿಂದ ಮಾಡಿಕೊಂಡ ಏರ್ಪಾಡು ಅದು. ಆ ಮೋಟಾರುಗಳು ಹೋದುವು, ಏರ್ಪಾಡು ಉಳಿಯಿತು. ಜನರ ನಾಲಗೆಯಿಂದ ೞಕಾರ ಜಾರಿದ ಮೇಲೂ ಗ್ರಂಥಗಳಲ್ಲಿ ಅದು ಉಳಿದಿಲ್ಲವೇ! ಲಂಡನ್ನಿನ ಫ್ಯಾರಿಂಗ್ಡನ್ ನಿಲ್ದಾಣದ ಬಳಿ ಉತ್ತರದಿಂದ ಬಂದ ರೈಲು ತಲೆಯ ಮೇಲಿನ ತಂತಿಯನ್ನು ಬಿಟ್ಟು, ಹಳಿಯ ಪಕ್ಕದ ಮೂರನೆಯ ಕಂಬಿಯಿಂದ 750 ವೋಲ್ಟಿನ ಡಿ.ಸಿ. ಹಿಡಿದು ಮುಂದೆ ಹೋಗುತ್ತದೆ. ಬೆಂಗಳೂರಿನ ನಮ್ಮ ಮೆಟ್ರೋ ಓಡುವುದೂ ಅಂಥ ಕಂಬಿಯಿಂದಲೇ.

ತಮಾಷೆಯೆಂದರೆ, ನನ್ನ ಮಗ ನಡೆಸುವ ಆ ಅಮೆರಿಕದ ‘ಅಸೆಲ’ ರೈಲು ನಿಜಜೀವನದಲ್ಲಿ ವಾಷಿಂಗ್ಟನ್ನಿನಿಂದ ಬಾಸ್ಟನ್ನಿಗೆ ಹೋಗುವಷ್ಟರಲ್ಲಿ ಮೂರು ಬಗೆಯ ವಿದ್ಯುತ್ತನ್ನು ಉಣ್ಣುತ್ತದೆ: ಮೊದಲು 12,000 ವೋಲ್ಟು, 25 ಆವರ್ತನೆ, ನ್ಯೂಯಾರ್ಕಿನಾಚೆ 12,500 ವೋಲ್ಟು, 60 ಆವರ್ತನೆ, ನ್ಯೂಹೇವನ್ನಿನ ಮೇಲೆ 25,000 ವೋಲ್ಟು. ಹಳೆಯ ಆಟದವರು ಫಿಲಡೆಲ್ಫಿಯದಲ್ಲೇ ಮಾರ್ಗವನ್ನು ಮುಗಿಸಿ ಈ ಕಷ್ಟದಿಂದ ಪಾರಾಗಿದ್ದಾರೆ. ಆ ಆಟದಲ್ಲಿ ಒಂದು ಮಾರ್ಗಕ್ಕೆ ಒಂದೇ ವೋಲ್ಟೇಜನ್ನು ಬರೆದಿಡಲು ಸ್ಥಳವಿತ್ತು. ಇನ್ನು ಕೆಲವು ಆಟಗಳಿಗಂತೂ ತಂತಿಯುಂಟು ಅಥವಾ ಇಲ್ಲ ಎಂಬಷ್ಟೇ ತಿಳಿವಳಿಕೆ.

ಮಾವನವರು ಇದಾವುದನ್ನೂ ಹೇಳಲಿಲ್ಲ. ಮಾರನೆಯ ದಿನ ಹುಡುಗ ನಮ್ಮ ದೇಶದ ಸರಕುಗಾಡಿಯ ಎಂಜಿನ್ನೊಂದನ್ನು ತೆರೆದಾಗ ಅವರು ಕೇಳಿದ ಪ್ರಶ್ನೆ ಒಂದೇ: “ಡೆಡ್ ಸೆಕ್ಷನ್ ಎಲ್ಲೋ?”

ಎ.ಸಿ. ಮಾರ್ಗದಲ್ಲಿ ಒಂದು ಉಪಕೇಂದ್ರದಿಂದ ಬರುವ ವಿದ್ಯುತ್ತೂ ಅದರ ಮುಂದಿನದರಿಂದ ಬರುವುದೂ ಬೇರೆ ಬೇರೆ ಫೇಸಿನವು, ಒಂದನ್ನೊಂದು ಮುಟ್ಟಬಾರದು. ಅದಕ್ಕಾಗಿ ನಡುವೆ ಕೆಲವು ಮೀಟರು ತಂತಿಯನ್ನು ಪ್ರವಾಹವಿಲ್ಲದೆ ಬಿಟ್ಟಿರುತ್ತಾರೆ. 500 ಮೀಟರು ಮೊದಲೊಂದು, 250 ಮೀಟರು ಮೊದಲೊಂದು ಫಲಕ ಎಚ್ಚರಿಸುತ್ತದೆ; ಡ್ರೈವರು ‘ಡಿ.ಜೆ.’ ತೆರೆದು, ಅಂದರೆ ಎಂಜಿನ್ನಿನ ವಿದ್ಯುತ್ ಸಂಪರ್ಕವನ್ನು ಕಡಿದು, ಇದ್ದ ವೇಗದಲ್ಲೇ ಗಾಡಿಯನ್ನು ದಾಟಿಸಿ ಮತ್ತೆ ಮುಚ್ಚಬೇಕು. ಈ ಡಿ.ಜೆ. ಏನೆಂದು ಹುಡುಕಿದೆ. ‘ದಿಸ್‌ಜೋಂಕ್ತರ್’ ಎಂಬ ಫ್ರೆಂಚ್ ಪದದ ಮೊಟಕು ರೂಪವಂತೆ! ಮಾವನವರು ಸೇವಾವಧಿಯುದ್ದಕ್ಕೂ ದಿನವೂ ಫ್ರೆಂಚ್ ಮಾತನಾಡಿದ್ದಾರೆ, ನಮಗಾರಿಗೂ ತಿಳಿಯಲಿಲ್ಲ.

ನಮ್ಮ ಮನೆಯ ಆಟಕ್ಕೆ ಸತ್ತ ತಂತಿಯ ಪರಿಚಯವಿರಲಿಲ್ಲ. ಆದುದರಿಂದ ತಾತನೇ ಡೆಡ್ ಸೆಕ್ಷನ್ನಾದರು. “ಐನೂರು ಮೀಟರ್” ಎನ್ನುವರು, “ಇನ್ನೂರೈವತ್ತು” ಎನ್ನುವರು, “ಡಿ.ಜೆ. ತೆರಿ” ಎಂದೊಡನೆ ಹುಡುಗ ಗುಂಡಿಯೊತ್ತಿ ಕೈ ಕಟ್ಟಿ ಕೂರಬೇಕು. “ಮುಚ್ಚು” ಎನ್ನುವವರೆಗೆ ಏನನ್ನೂ ಮುಟ್ಟಕೂಡದು. ಎರಡು ದಿನ ಇದು ಸೊಗಸಾಗಿ ನಡೆಯಿತು. ಮೂರನೆಯ ದಿನ ಸಂಜೆ, ಏರಿನಲ್ಲಿ, ಭಾರವಾದ ಸರಕುಗಾಡಿ. ಹುಡುಗ ಹೆದರಿ ಮೊದಲೇ ಬ್ರೇಕು ಹಾಕಿದ್ದ. ಗಾಡಿ ತೆವಳಿತು, ತೆವಳಿತು, ನಿಂತೇಬಿಟ್ಟಿತು.

“ಗುಂಡಿ ಒತ್ತಿಬಿಡ್ತೀನಿ ತಾತ, ಹೊರಡುತ್ತೆ.”

“ಒತ್ತಬೇಡ. ಅಲ್ಲಿ ತಂತಿ ಸತ್ತಿದೆ.”

“ಹಾಗಾದ್ರೆ ಏನ್ಮಾಡೋದು?”

“ಏನೂ ಮಾಡೋ ಹಾಗಿಲ್ಲ. ಇನ್ನೊಂದು ಎಂಜಿನ್ ಬಂದು ತಳ್ಳಬೇಕು. ಎರಡು ಗಂಟೆ ಆಗುತ್ತೆ.” ಸ್ವಲ್ಪ ತಡೆದು ಹೇಳಿದರು: “ನನಗೆ ಎರಡೂವರೆ ಆಯ್ತು.”

ನಾನು ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟೆ.

1989ನೆಯ ಇಸವಿ. ಹಳಿಯ ಮೇಲೆ ಎಮ್ಮೆಗಳು ಬಂದುವು, ಬ್ರೇಕು ಹಾಕಿದರು, ಎಮ್ಮೆಗಳು ಉಳಿದುವು, ವೇಗ ಉಳಿಯಲಿಲ್ಲ. ಎಂಜಿನ್ನು ಸರಿಯಾಗಿ ಸತ್ತ ತಂತಿಯ ಕೆಳಗೆ ನಿಂತಿತು. ಆ ರಾತ್ರಿ ಕೆಲಸ ಮುಗಿಸಿ ಅವರು ಊರಿನ ರೈಲು ಹತ್ತಬೇಕಾಗಿತ್ತು. ಅದು ತಪ್ಪಿತು. ಮನೆ ತಲಪುವಾಗ ಮಗು ಹುಟ್ಟಿ ಒಂದು ದಿನ ಕಳೆದಿತ್ತು. ಡೆಡ್ ಸೆಕ್ಷನ್ನಿನಲ್ಲಿ ಗಾಡಿ ನಿಲ್ಲಿಸಿದ ಡ್ರೈವರೆಂದು ಜತೆಯವರು ನಗುತ್ತಿದ್ದ ಕಾಲ. ನಾಚಿಕೆಯಿಂದ ಮನೆಯಲ್ಲಿ ಕಾರಣ ಹೇಳಲಿಲ್ಲ. ಡ್ಯೂಟಿ ಇತ್ತು ಎಂದಷ್ಟೇ ಹೇಳಿದರು. ನಮ್ಮ ಅತ್ತೆಯವರು ತೀರಿಕೊಳ್ಳುವವರೆಗೂ, ಹೆಂಡತಿಗಿಂತ ಎಂಜಿನ್ನೇ ಹೆಚ್ಚಾಯಿತಲ್ಲ ಎಂದು ಆ ಮಾತನ್ನು ಆಡಿ ತೋರಿಸುತ್ತಿದ್ದುದನ್ನು ನಾನೂ ಕೇಳಿದ್ದೇನೆ.

ಆಗ ಹುಟ್ಟಿದ ಮಗು ಬಾಗಿಲ ಬಳಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನಾನು ಗಮನಿಸಿರಲಿಲ್ಲ.

“ಎಷ್ಟು ಎಮ್ಮೆ ಇದ್ವು ಅಪ್ಪ?” ಎಂದಳು.

“ಹನ್ನೊಂದು,” ಎಂದರು ಮಾವನವರು. “ಒಂದು ಕರು.”