ಗೆದ್ರ ನಾವು, ಸೋತ್ರ ನಸೀಬು

ನಮ್ಮ ಮನ್ಯಾಗ ಟಿವಿ ಮುಂದ ಕ್ರಿಕೆಟ್ ನೋಡ್ಲಿಕ್ಕೆ ಕೂತೋರದು ಒಂದ ಲೆಕ್ಕ. ಭಾರತ ಗೆದ್ರ 'ನಮ್ಮ ಹುಡುಗೂರು ಭಾರಿ ಆಡಿದ್ರು'. ಸೋತ್ರ 'ಟಾಸ್ ಹೋತು, ಪಿಚ್ ಛಲೋ ಇರ್ಲಿಲ್ಲ, ಅಂಪೈರ್‌ಗೆ ಕಣ್ಣ ಕಾಣಸೂದಿಲ್ಲ'. ಒಳಗ ಅಕ್ಕಿ ಆರಿಸ್ಕೋತ ಕೂತ ನಮ್ಮ ಅತ್ತಿ, 'ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕು ಅಂದ್ಲಂತ' ಅಂತಾರ.

ಬರ್ನಾರ್ಡ್ ವೀನರ್ ಅನ್ನೋ ಅಮೆರಿಕಾದ ಮನಃಶಾಸ್ತ್ರಜ್ಞರು, ನಾವು ಸೋಲು-ಗೆಲುವಿಗೆ ಕೊಡೋ ಕಾರಣಗಳನ್ನ ಮೂರು ಪ್ರಶ್ನೆ ಹಾಕಿ ನೋಡಿದ್ರು. ಕಾರಣ ನನ್ನೊಳಗಿಂದೋ, ಹೊರಗಿಂದೋ? ನಾಳೆನೂ ಹಂಗ ಇರ್ತದೋ, ಬದಲಾಗ್ತದೋ? ನನ್ನ ಕೈಯಾಗ ಅದನೋ, ಇಲ್ಲೋ? ಆಟಗಾರರ ಮನಸ್ಸು ಓದೋರು ಇವತ್ತಿಗೂ ಇದನ್ನ ಕೇಳ್ತಾರ.

1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಾಗ ಮಿಲ್ಖಾ ಸಿಂಗ್ ನಾಲ್ಕನೇದವರಾದ್ರು. ಅರ್ಧಾ ದಾಟಿದ ಮ್ಯಾಲೆ ವೇಗ ಕಡಿಮಿ ಮಾಡಿದ್ದು ನಂದ ತಪ್ಪು ಅಂತ ಅವರು ಮುಂದ ಹೇಳ್ಕೊಂಡ್ರು. ತಪ್ಪು ನಂದು, ಆದ್ರ ತಿದ್ದಿಕೊಳ್ಳೋವಂಥಾದ್ದು. ನಾ ಹುಟ್ಟಾ ಹಿಂಗ ಅನ್ನೂದಕ್ಕೂ ಇದಕ್ಕೂ ಭಾಳ ಫರಕ್ ಅದ.

ಹಂಗಂತ ಎಲ್ಲಾ ತಪ್ಪು ಆಟಗಾರರ ತಲಿಗೆ ಕಟ್ಟೂದೂ ನ್ಯಾಯ ಅಲ್ಲ. 1984ರ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ದಾಗ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಾಗ. ಅಲ್ಲೆ ಗಂಜಿ-ಉಪ್ಪಿನಕಾಯಿ ಮ್ಯಾಲೆ ದಿನಾ ತಗದೆ, ಕಡೀಕ ಮೈಯಾಗ ಕಸುವು ಉಳೀಲಿಲ್ಲ ಅಂತ ಅವರು ಎಷ್ಟೋ ವರ್ಷ ಆದ ಮ್ಯಾಲೆ ಹೇಳಿದ್ರು. ಇದು ನೆಲಾ ಡೊಂಕು ಅನ್ನೋ ನೆವ ಅಲ್ಲ. ಅಡಗಿ ಮನಿ ಸಂಭಾಳಿಸೋ ನನಗಂತೂ ಇದು ಖರೇ ಕಾರಣ ಅನ್ನಿಸ್ತದ. ಅದನ್ನ ಸರಿ ಮಾಡಬೇಕಾದೋರು ಓಡೋರಲ್ಲ, ಕರಕೊಂಡು ಹೋದೋರು.

ಇಷ್ಟು ಯಾಕ ಹೇಳ್ಲಿಕ್ಕತ್ತೀನಿ ಅಂದ್ರ, ತಪ್ಪು ನಂದೂ ಅದ. ಮೂರು ವರ್ಷದ ಹಿಂದ ನನ್ನ ಮಗಳು ತಾಲೂಕಿನ ಓಟದಾಗ ಆರನೇದಾಕಿಯಾಗಿ ಬಂದು ಅಳಕೋತ ಕೂತ್ಲು. ಸಮಾಧಾನ ಮಾಡಬೇಕಂತ ನಾನು, 'ಹೋಗ್ಲಿ ಬಿಡವಾ, ನಮ್ಮ ಮನಿತನದ್ದು ಓಡೋ ಮೈ ಅಲ್ಲ' ಅಂದೆ. ಬದಲಾಗಲಾರದ, ಆಕಿ ಕೈಯಾಗ ಇರಲಾರದ ಕಾರಣಾನ ಹುಡುಕಿ ಕೊಟ್ಟೆ ನೋಡ್ರಿ! ಮರುದಿನ ಬೂಟು ಅಟ್ಟ ಸೇರಿದ್ವು.

ಮಕ್ಕಳು ಸೋತು ಬಂದಾಗ ನಸೀಬು, ಮನಿತನ, ಹಣೇಬರಹ ಅಂತ ತೀರ್ಪು ಕೊಡೂದು ಬ್ಯಾಡ. ಮುಂಜಾನೆ ಏನ್ ತಿಂದಿದ್ದಿ, ಎಲ್ಲೆ ಉಸರು ಹತ್ತಿತು, ಯಾರರ ಓಡೂದು ಸರಿಯಾಗಿ ಕಲಿಸ್ಯಾರೇನು ಅಂತ ಕೇಳೋಣ. ಉತ್ತರದಾಗ ಅರ್ಧಾ ಅವರ ಕೆಲಸ ಇರ್ತದ, ಅರ್ಧಾ ನಮ್ಮದು.

ಮೊನ್ನೆ ದೀಪಾವಳಿಗೆ ಅಟ್ಟ ಝಾಡಸಬೇಕಾದ್ರ ಆ ಬೂಟು ಸಿಕ್ವು. ಆಕಿ ಕಾಲಿಗೆ ಸಣ್ಣ ಆಗ್ಯಾವ. ಹೊಸಾವು ಕೊಡಸ್ಲೇನು ಅಂತ ಕೇಳೀನಿ. ಇನ್ನೂ ಹೂಂ ಅಂದಿಲ್ಲ, ಆದ್ರ ಬ್ಯಾಡಾನೂ ಅಂದಿಲ್ಲ.